ಸೂಜಿ ಸಕ್ಕರೆಯ ದಾಕ್ಷಾಯಣಕ್ಕ

ಗುಬ್ಬಿಯಿಂದ ತುಮಕೂರಿಗೆ ಹೊರಡುವ ಮೊದಲ ಬಸ್ಸು. ಅರ್ಧ ಜನ ಇನ್ನೂ ತೂಕಡಿಸುತ್ತಿದ್ದಾರೆ. ಬಾಗಿಲ ಪಕ್ಕದ ಸೀಟಿನಲ್ಲಿ ಕೂತ ಹೆಂಗಸು ಮಾತ್ರ ಫೋನು ಕಿವಿಗೊತ್ತಿಕೊಂಡು ಇಡೀ ಬಸ್ಸಿಗೇ ಕೇಳುವಂತೆ ಮಾತಾಡುತ್ತಿದ್ದಾರೆ. "ಸೂಜಿ ಆಯ್ತೇನ್ಲಾ? ಸುಳ್ ಹೇಳಿದ್ರೆ ನಿನ್ ದನಿಲೇ ಗೊತ್ತಾಯ್ತದೆ ನಂಗೆ." ಆ ಕಡೆಯಿಂದ ಉತ್ತರ ಬಂದ ಮೇಲೆ ಮತ್ತೊಂದು ನಂಬರ್. ಈ ಬಸ್ಸಿನ ಕಂಡಕ್ಟರ್ ಅಂಜನಪ್ಪ ಬಹಳ ದಿನ ಈಕೆ ಟೈಲರಿಂಗ್ ಅಂಗಡಿ ಇಟ್ಟವರೆಂದೇ ತಿಳಿದಿದ್ದರಂತೆ. ಮಗಳ ಬ್ಲೌಸ್ ಹೊಲಿದು ಕೊಡ್ತೀರಾ ಎಂದು ಕೇಳಿಯೂ ಬಿಟ್ಟಿದ್ದರಂತೆ.

ದಾಕ್ಷಾಯಣಿಯವರಿಗೆ ಹೊಲಿಗೆ ಬರುವುದಿಲ್ಲ. ಅವರು ತುಮಕೂರಿನ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಆಯಾ. ಬೆಡ್‌ಶೀಟ್ ಬದಲಿಸುವುದು, ವಾಂತಿ ಒರೆಸುವುದು, ಅಳುವ ಕೂಸನ್ನು ಎಕ್ಸ್‌ರೇಗೆ ಎತ್ತಿಕೊಂಡು ಹೋಗುವುದು ಅವರ ಸಂಬಳದ ಕೆಲಸ. ಆಸ್ಪತ್ರೆಯ ಹೆಸರು ಬರೆಯಬೇಡಿ ಎಂದು ಮೊದಲೇ ತಾಕೀತು ಮಾಡಿದ್ದಾರೆ. "ಹೆಸ್ರು ಹಾಕಿದ್ರೆ ನಾಳೆ ನನ್ ಕೂರಿಸ್ಕೊಂಡು ಮೀಟಿಂಗ್ ಮಾಡ್ತಾರೆ. ನಂಗೆ ಮೀಟಿಂಗಲ್ಲಿ ನಿದ್ದೆ ಬತ್ತದೆ" ಎನ್ನುತ್ತಾರೆ.

ನಾನು ಬರೆಯಲು ಬಂದಿರುವುದು ಅವರ ಸಂಬಳವಿಲ್ಲದ ಕೆಲಸದ ಬಗ್ಗೆ. ಚಿಕ್ಕಂದಿನಲ್ಲೇ ಸಕ್ಕರೆ ಕಾಯಿಲೆ ಬಂದು ದಿನಾ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವ ಮಕ್ಕಳು ಈ ವಾರ್ಡಿನಲ್ಲೇ ಬೆಳೆಯುತ್ತಾರೆ. ಹದಿನೆಂಟು ತುಂಬಿದೊಡನೆ ಅವರನ್ನು ದೊಡ್ಡವರ ವಿಭಾಗಕ್ಕೆ ಕಳಿಸಬೇಕು. ಒಂದೇ ಕಾಂಪೌಂಡು, ನಡುವೆ ಒಂದು ಉದ್ದನೆಯ ವರಾಂಡ, ಅಷ್ಟೇ. ಆದರೆ ಆ ವರಾಂಡದಲ್ಲೇ ಎಷ್ಟೋ ಹುಡುಗರು ತಪ್ಪಿಹೋಗುತ್ತಾರೆ.

ಹೇಗೆ ಎಂದು ಕೇಳಿದರೆ ದಾಕ್ಷಾಯಣಿ ಬೆಳ್ಳಾವಿ ಕಡೆಯ ಭಾನುಪ್ರಕಾಶನ ಕಥೆ ಹೇಳುತ್ತಾರೆ. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಈ ಕಾಯಿಲೆಗೆ ಇದ್ದ ಹೆಸರು 'ಮಕ್ಕಳ ಸಕ್ಕರೆ'. ಭಾನುವಿಗೆ ಹದಿನೆಂಟಾದಾಗ, ಇನ್ನು ಇಲ್ಲಿಗೆ ಬರಬೇಡಿ, ಆ ಕಡೆ ಹೋಗಿ ಎಂದು ಚೀಟಿ ಕೊಟ್ಟು ಕಳಿಸಿದರು. ಅವನ ತಾಯಿ ಹನುಮಕ್ಕ ಮನೆಗೆ ಹೋಗಿ ದೇವರಿಗೆ ತೆಂಗಿನಕಾಯಿ ಒಡೆದರು. ಮಗ ದೊಡ್ಡವನಾದ ಮೇಲೆ ಮಕ್ಕಳ ಸಕ್ಕರೆ ಎಲ್ಲಿಯದು? ಸೂಜಿ ನಿಲ್ಲಿಸಿದರು. ವಾರ ತುಂಬುವುದರೊಳಗೆ ಹುಡುಗನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಹೊತ್ತು ತಂದರು.

"ಹುಡ್ಗ ಉಳ್ಕಂಡ, ಅದೇ ಪುಣ್ಯ. ಆದ್ರೆ ಆವತ್ತು ನಂಗೆ ಹೊಟ್ಟೆ ಉರ್ದೋಯ್ತು" ಎನ್ನುತ್ತಾರೆ ದಾಕ್ಷಾಯಣಿ. "ಆ ತಾಯಿನ ಎಲ್ರೂ ಬೈದ್ರು. ಅವ್ಳೇನ್ ಮಾಡ್ತಾಳೆ? ನಾವೇ ಮಕ್ಕಳ ಸಕ್ಕರೆ ಅಂದಿದ್ವಿ, ಅವ್ಳು ನಂಬಿದ್ಲು."

ಅಂದಿನಿಂದ ಅವರು ಆ ಹೆಸರನ್ನು ಬಾಯಿಗೆ ತಂದಿಲ್ಲ. ಕಾಯಿಲೆಗೆ 'ಸೂಜಿ ಸಕ್ಕರೆ' ಎಂದು ತಾವೇ ಹೆಸರಿಟ್ಟರು. ಸೂಜಿ ಇರುವವರೆಗೆ ಆಯಸ್ಸು, ಆಯಸ್ಸು ಇರುವವರೆಗೆ ಸೂಜಿ ಎಂದು ಪ್ರತಿ ತಾಯಿಗೂ ಹೇಳುತ್ತಾರೆ. ಈಗ ನರ್ಸುಗಳೂ ಅದನ್ನೇ ಹೇಳುತ್ತಾರೆ. ಡೋಸು ಗೀಸು ತಮಗೆ ಗೊತ್ತಿಲ್ಲ, ಅದು ಡಾಕ್ಟರ ಕೆಲಸ ಎಂದು ಕೈಯಲ್ಲಾಡಿಸುವ ದಾಕ್ಷಾಯಣಿ, ಮೂವತ್ತು ಚಿಲ್ಲರೆ ಹುಡುಗ ಹುಡುಗಿಯರಿಗೆ ಸರದಿಯ ಮೇಲೆ ಬೆಳಗ್ಗೆ ಫೋನು ಮಾಡುತ್ತಾರೆ. ಅವರೆಲ್ಲ ಆ ಕಡೆ ದಾಟಿ ಒಂದು ವರ್ಷ ಆಗದವರು.

ಆ ಕಡೆಯ ಸಾಲಿನಲ್ಲಿ ನಿಲ್ಲುವುದೂ ಸುಲಭವಲ್ಲ ಅನ್ನಿ. ಇಂದು ಹೋಗಿ ನೋಡಿದೆ. ಮಂಡಿನೋವಿನ ಅಜ್ಜಂದಿರು, ಬಿಪಿ ಅಜ್ಜಿಯರು. ಹರೆಯದವರು ಕಂಡರೆ ಸಾಕು, ವಿಚಾರಣೆ ಶುರು. "ಈ ವಯ್ಸಿಗೇ ಶುಗರ್ರಾ? ಸ್ವೀಟು ಜಾಸ್ತಿ ತಿಂತಿದ್ದೇನಪ್ಪ?" ಹಾಗಲಕಾಯಿ ರಸದ ಸಲಹೆ ಬೇರೆ, ಪುಕ್ಕಟೆ. ಯಾವ ಹುಡುಗ ಎರಡನೇ ಸಲ ಬರುತ್ತಾನೆ ಹೇಳಿ? ಅದಕ್ಕೇ ಮೊದಲ ದಿನ ದಾಕ್ಷಾಯಣಿ ತಮ್ಮ ಊಟದ ಬಿಡುವಿನಲ್ಲಿ ಜೊತೆಗೆ ಹೋಗಿ ನಿಲ್ಲುತ್ತಾರೆ. ಅವರದೊಂದೇ ಕಟ್ಟಳೆ: ತಾಯಿ ಹೊರಗಿನ ಬೆಂಚಿನ ಮೇಲೆ, ಹುಡುಗರು ಒಬ್ಬರೇ ಒಳಗೆ.

ಇಂದು ದಾಟಬೇಕಾದವಳು ಸಿಂಚನಾ. ಹುತ್ರಿದುರ್ಗದವಳು, ಕುಣಿಗಲ್‌ನಲ್ಲಿ ಬಿ.ಕಾಂ. ಓದುತ್ತಾಳೆ. ಏಳನೇ ವಯಸ್ಸಿನಿಂದ ಇದೇ ವಾರ್ಡಿಗೆ ಬಂದವಳು. ಕಳೆದ ಎರಡು ಸಲದ ಪರೀಕ್ಷೆಯಲ್ಲಿ ಸಕ್ಕರೆ ಏರಿದೆ, ಯಾಕೆಂದು ಯಾರಿಗೂ ತಿಳಿದಿಲ್ಲ. ಹೀಗೇ ಆದರೆ ಕಣ್ಣು, ಕಿಡ್ನಿ ಎಲ್ಲಕ್ಕೂ ಅಪಾಯ ಎಂದು ಮಕ್ಕಳ ಡಾಕ್ಟರು ಹೇಳಿ ಕಳಿಸಿದ್ದಾರೆ. ತಾಯಿ ಪ್ರಮೀಳಾ ಹೊರಗೆ ಕೂರಲು ಸುತರಾಂ ಒಪ್ಪುತ್ತಿಲ್ಲ.

"ಇಷ್ಟ್ ವರ್ಷ ನಾನೇ ಹಾಕಿದೀನಿ ಕಣಕ್ಕ ಸೂಜಿನ. ಇವ್ಳಿಗೇನ್ ಗೊತ್ತು ಮಾತಾಡಕ್ಕೆ?"

"ನೀನ್ ಬಾಯ್ ಬುಟ್ರೆ ಅವ್ಳು ಬುಡಲ್ಲ. ಕೂತ್ಕೊ ಬಾ ಪ್ರಮೀಳಾ" ಎಂದು ರಟ್ಟೆ ಹಿಡಿದು ಕೂರಿಸಿದರು ದಾಕ್ಷಾಯಣಿ. ನಾನೂ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಸಿಂಚನಾ ಒಬ್ಬಳೇ ಒಳಗೆ ಹೋದ ಬಾಗಿಲಿನಿಂದ ಪ್ರಮೀಳಾ ಕಣ್ಣು ತೆಗೆಯಲಿಲ್ಲ.

ಕಾಯುತ್ತಿದ್ದಾಗ ದಾಕ್ಷಾಯಣಿಯವರನ್ನು, ನಿಮಗೇನು ಬೇಕು ಎಂದು ಕೇಳಿದೆ. ಸನ್ಮಾನ, ಪ್ರಶಸ್ತಿ ಎಂದೇನಾದರೂ ಹೇಳುತ್ತಾರೇನೋ ಅಂದುಕೊಂಡಿದ್ದೆ. "ಇನ್ನೇನ್ ರಿಟೈರ್ ಆಯ್ತೀನಿ. ಆಮೇಕೆ ಇವ್ರ ಜೊತೆ ಈ ವರಾಂಡ ದಾಟಕ್ಕೆ ಯಾರಾರ ಒಬ್ರುನ್ನ ಹಾಕ್ಲಿ. ನನ್ನಂಗೆ ಕದ್ದುಮುಚ್ಚಿ ಅಲ್ಲ, ಅದೇ ಕೆಲ್ಸ ಅಂತ" ಎಂದರು.

ಸಿಂಚನಾ ಹೊರಬರಲು ತುಂಬಾ ಹೊತ್ತಾಯಿತು. ಪ್ರಮೀಳಾ ಎದ್ದು ನಿಂತರು. "ಏನಂದ್ರೇ ಡಾಕ್ಟ್ರು?"

ಹುಡುಗಿ ಒಮ್ಮೆ ದಾಕ್ಷಾಯಣಿಯತ್ತ ನೋಡಿ, ತಾಯಿಗೇ ಹೇಳಿದಳು. "ಕಾಲೇಜಲ್ಲಿ ಮಧ್ಯಾಹ್ನದ ಸೂಜಿ ಹಾಕ್ಕೊಳ್ತಿಲ್ಲ ಅಮ್ಮ. ಟಾಯ್ಲೆಟ್ ಬಿಟ್ರೆ ಜಾಗ ಇಲ್ಲ, ಅಲ್ಲಿ ಹಾಕ್ಕೊಳಕ್ಕೆ ವಾಕರಿಕೆ ಬರುತ್ತೆ. ಸೇರ್ದಾಗಿಂದ ಹಂಗೇ ಬಿಟ್ಟಿದೀನಿ. ಡಾಕ್ಟ್ರು ಬೈಲಿಲ್ಲ. ಪ್ರಿನ್ಸಿಪಾಲ್ರಿಗೆ ಲೆಟರ್ ಕೊಡ್ತಾರಂತೆ, ಸ್ಟಾಫ್ ರೂಮಲ್ಲಿ ಹಾಕ್ಕೋಬೋದು."

ಪ್ರಮೀಳಾರ ಮುಖ ಬಿಳುಚಿಕೊಂಡಿತು. "ನಂಗ್ಯಾಕೇ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನೀನು ಕಾಲೇಜ್ ಬಿಡಿಸ್ತಿದ್ದೆ."

ತಾಯಿ ಇಲ್ಲ ಎನ್ನಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು. ದಾಕ್ಷಾಯಣಿ, ವಾರ್ಡಿಗೆ ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟಿಕೊಂಡರು.

ಪ್ರಮೀಳಾ ಮಗಳನ್ನು ಮೆಲ್ಲಗೆ ಕೇಳಿದರು. "ಹಂಗಾರೆ ಮುಂದಿನ್ ತಿಂಗ್ಳು ನಾನು ಬರದ್ ಬ್ಯಾಡ್ವಾ?"

"ಬಾ ಅಮ್ಮ. ಬಸ್ಸಲ್ಲಿ ಒಬ್ಳೇ ಬೇಜಾರು" ಎಂದಳು ಸಿಂಚನಾ. "ಆದ್ರೆ ಒಳಗ್ ಬರ್ಬೇಡ."

ವರಾಂಡದಲ್ಲಿ ನಾಲ್ಕು ಹೆಜ್ಜೆ ಹೋಗಿದ್ದ ದಾಕ್ಷಾಯಣಿ ತಿರುಗಿ ನನ್ನತ್ತ ನೋಡಿದರು. "ಕೇಳಿಸ್ತಾ ಸಾರ್? ಇದುನ್ ಬರ್ಕಳಿ" ಎಂದರು.