ನಮ್ಮೂರ ಬಾವಿಗೆ ಬೇಕಾದ ಆಧಾರ

ನನಗೆ ಸಿಟ್ಟು ಬೇಗ ಬರುತ್ತದೆ. ಮಾನ್ವಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತ ಇಪ್ಪತ್ತು ವರ್ಷವಾಯಿತು; ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಮಕ್ಕಳು ಪುಸ್ತಕ ತೆಗೆಯುತ್ತಾರೆ. ಅಂಥವಳು ಬರೆದ ವಾಕ್ಯವನ್ನು ಮುಖ ಪರಿಚಯವಿಲ್ಲದ ಯಾರೋ ಅಳಿಸಿ ಹಾಕಿದರೆ ಸುಮ್ಮನಿರುತ್ತೇನೆಯೇ?

ಅಂತರಜಾಲದಲ್ಲಿ ಒಂದು ವಿಶ್ವಕೋಶವಿದೆ. ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಮಲ್ಲಟದ ಬಳಿಯ ನಮ್ಮೂರಿನ ಬಗ್ಗೆ ಅದರ ಕನ್ನಡ ಪುಟದಲ್ಲಿ ಎರಡೇ ಸಾಲು ಇತ್ತು. ಒಂದು ಬೇಸಿಗೆ ರಜೆಯಲ್ಲಿ ಕೂತು ಅದನ್ನು ಬೆಳೆಸಿದೆ. ಊರ ನಡುವಿನ ಬಾವಿಗೆ ನಲವತ್ತೆರಡು ಮೆಟ್ಟಿಲುಗಳಿವೆಯೆಂದೂ ಊರಿನ ಒಬ್ಬ ರೈತರು ಅದನ್ನು ಕಟ್ಟಿಸಿದರೆಂದೂ ಅವರ ಹೆಸರಿನ ಸಮೇತ ಬರೆದೆ. ಆ ರೈತರು ನನ್ನ ಅಪ್ಪನ ಮುತ್ತಜ್ಜ. ಅವರು ಕಟ್ಟಿಸಿದ್ದಕ್ಕೆ ಆಧಾರ ಅಪ್ಪನ ಮಾತು. ಅಪ್ಪನಿಗೆ ಅವರವ್ವ ಹೇಳಿದ್ದು.

ಅಪ್ಪ ನಮ್ಮ ಜೊತೆ ಮಾನ್ವಿಯಲ್ಲೇ ಇರುತ್ತಾರೆ. ಅಂದಿನಿಂದ ಮನೆಗೆ ಯಾರೇ ಬಂದರೂ ಚಹಾ ಬರುವ ಮೊದಲೇ ನನ್ನ ಮೊಬೈಲು ಇಸಿದುಕೊಂಡು ಆ ಸಾಲನ್ನು ತೋರಿಸುತ್ತಿದ್ದರು. ತಮ್ಮ ಅವ್ವನ ಮಾತು ಜಗತ್ತೆಲ್ಲ ಓದುವ ಕಡೆ ಸೇರಿತಲ್ಲ ಎಂಬ ಹಿಗ್ಗು ಅವರಿಗೆ.

ಎರಡು ವರ್ಷ ಯಾರೂ ಅದನ್ನು ಮುಟ್ಟಲಿಲ್ಲ. ಆಮೇಲೆ ಒಂದು ದಿನ ಸಾಲು ಮಾಯವಾಗಿತ್ತು. ಪುಟದ ಹಿಂದಿನ ಚರ್ಚೆಯ ಜಾಗದಲ್ಲಿ ಒಬ್ಬರು ಚುಟುಕಾಗಿ ಬರೆದಿದ್ದರು: ಇದಕ್ಕೆ ಅಚ್ಚಾದ ಆಧಾರ ಇದ್ದರೆ ದಯವಿಟ್ಟು ಕೊಡಿ. ನನಗೆ ಉರಿದುಹೋಯಿತು. ಮತ್ತೆ ಹಾಕಿದೆ, ಅವರು ಮತ್ತೆ ತೆಗೆದರು. ಮೂರು ಸಲ ಹೀಗೇ ಆಯಿತು. ಅಪ್ಪ ಸಂಜೆಯಾದರೆ ಒಂದೇ ಮಾತು ಕೇಳುತ್ತಿದ್ದರು.

"ಬಾವಿ ಮಾತು ಹಾಕಿದ್ಯಾ, ಯವ್ವಾ?"

ಅಷ್ಟರಲ್ಲಿ ನನ್ನ ಅದೃಷ್ಟ ಖುಲಾಯಿಸಿತು. ನಮ್ಮೂರಿನ ಶಾಲೆಯ ಉತ್ಸವಕ್ಕೆ ತಂದಿದ್ದ ಸ್ಮರಣ ಸಂಚಿಕೆ ಕೈಗೆ ಸಿಕ್ಕಿತು. ನಮ್ಮ ಕಡೆ ಶಾಲೆಯಿರಲಿ, ಸಂಘವಿರಲಿ, ವರ್ಷ ತುಂಬಿದರೆ ಒಂದು ಸಂಚಿಕೆ ಅಚ್ಚಾಗಲೇಬೇಕು. ಅರ್ಧ ಜಾಹೀರಾತು, ಕಾಲು ಭಾಗ ಗಣ್ಯರ ಶುಭಾಶಯ, ಉಳಿದದ್ದು ಊರಿನ ಇತಿಹಾಸ. ಹದಿನೇಳನೇ ಪುಟದಲ್ಲಿ ನಮ್ಮ ಬಾವಿ ಇತ್ತು. ಕಟ್ಟಿಸಿದವರ ಹೆಸರೂ ಇತ್ತು, ನಲವತ್ತೆರಡು ಮೆಟ್ಟಿಲೂ ಇದ್ದವು. ಆ ಪುಟದ ಫೋಟೊ, ಸಂಖ್ಯೆ ಸಮೇತ ಆಧಾರ ಕೊಟ್ಟು, ಈಗ ಸಮಾಧಾನವಾಯಿತೇ ಎಂದು ಕುಟುಕಿಯೂ ಬಿಟ್ಟೆ.

ಉತ್ತರ ಮರುದಿನ ಬಂತು. ಒಂದು ಕಟು ಮಾತಿಲ್ಲ. ಸಂಚಿಕೆಯ ಸಾಲನ್ನು ಒಂದು ಕಡೆ, ವಿಶ್ವಕೋಶದ ಸಾಲನ್ನು ಇನ್ನೊಂದು ಕಡೆ ಇಟ್ಟು ತೋರಿಸಿದ್ದರು. ಎರಡೂ ಅಕ್ಷರಕ್ಕೆ ಅಕ್ಷರ ಒಂದೇ. ನಮ್ಮ ಪುಟದಲ್ಲಿ ಆ ಸಾಲು ಬಂದದ್ದು ಸಂಚಿಕೆ ಅಚ್ಚಾಗುವುದಕ್ಕೆ ಒಂದೂವರೆ ವರ್ಷ ಮೊದಲು. ಅಂದರೆ ಸಂಚಿಕೆಯವರು ನನ್ನ ಮಾತನ್ನೇ ಎತ್ತಿಕೊಂಡಿದ್ದರು, ನಾನು ಅದನ್ನೇ ನನಗೆ ಸಾಕ್ಷಿ ಹೇಳಲು ಕರೆತಂದಿದ್ದೆ. ತರಗತಿಯಲ್ಲಿ ನಕಲು ಹೊಡೆದವರನ್ನು ಬೆಂಚಿನ ಮೇಲೆ ನಿಲ್ಲಿಸುವವಳು ನಾನು! ನಾಚಿಕೆಯಾಗಬೇಕಿತ್ತು. ಆದರೆ ಸಿಟ್ಟೇ ಮೊದಲು ಬಂತು. ಎಲ್ಲೋ ಫ್ಯಾನಿನ ಕೆಳಗೆ ಕೂತು ಬರೆಯುತ್ತೀರಿ, ಆ ಬಾವಿಯನ್ನು ಒಮ್ಮೆಯಾದರೂ ಕಣ್ಣಿಂದ ನೋಡಿದ್ದೀರಾ ಎಂದು ಕೇಳಿದೆ.

ನಾಲ್ಕು ದಿನ ಸುದ್ದಿಯಿಲ್ಲ. ಐದನೇ ದಿನ ಅವರಿಂದ ಮೂರು ಸಾಲು ಬಂತು: ಹೋಗಿ ನೋಡಿ ಬಂದೆ. ಮೂವತ್ತೇಳು ಮೆಟ್ಟಿಲುಗಳಿವೆ. ಆದರೆ ಅದನ್ನೂ ಪುಟದಲ್ಲಿ ಹಾಕುವಂತಿಲ್ಲ, ಯಾಕೆಂದರೆ ಅದು ಬರೀ ನಾನು ಎಣಿಸಿದ್ದು.

ಅದನ್ನು ಓದಿ ನಾನು ನಂಬಲಿಲ್ಲ. ಭಾನುವಾರ ಬಸ್ಸು ಹತ್ತಿ ಊರಿಗೆ ಹೋದೆ. ನೀರು ತಳಕ್ಕೆ ಇಳಿದಿತ್ತು, ಎಲ್ಲ ಮೆಟ್ಟಿಲುಗಳೂ ಬಿಸಿಲಿಗೆ ಕಾದಿದ್ದವು. ಮೊದಲ ಮೆಟ್ಟಿಲ ಅಂಚಿನಲ್ಲಿ ನೀಲಿ ಬಣ್ಣದಲ್ಲಿ ಸಣ್ಣಗೆ ಒಂದು ಎಂದು ಬರೆದಿತ್ತು. ಎರಡನೆಯದರಲ್ಲಿ ಎರಡು. ಟೇಲರ್‌ಗಳು ಬಟ್ಟೆಯ ಮೇಲೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣದ ಗೆರೆ ಅದು. ಕೆಲವು ಮೆಟ್ಟಿಲುಗಳ ಮೇಲೆ ಒಂದು ಸಂಖ್ಯೆ ಹೊಡೆದುಹಾಕಿ ಪಕ್ಕದಲ್ಲಿ ಇನ್ನೊಂದು ಬರೆದಿದ್ದರು. ಲೆಕ್ಕ ತಪ್ಪಿದ ಅನುಮಾನ ಬಂದು ಮೇಲಿಂದ ಮತ್ತೆ ಎಣಿಸಿದ್ದರು. ನೀರಿನ ಪಕ್ಕದ ಕೊನೆಯ ಕಲ್ಲಿನ ಮೇಲೆ ಮೂವತ್ತೇಳು.

ನಾನು ಅಲ್ಲೇ ಕೂತುಬಿಟ್ಟೆ. ಚಿಕ್ಕಂದಿನಲ್ಲಿ ಓಡುತ್ತ ಎಣಿಸಿದ್ದನ್ನೇ ನಂಬಿ ಬರೆದವಳು ನಾನು. ಯಾರೋ ಒಬ್ಬರು ಹೆಸರು ಗೊತ್ತಿಲ್ಲದವಳ ಜಗಳ ಬಗೆಹರಿಸಲು ಒಂದು ದಿನದ ದುಡಿಮೆ ಬಿಟ್ಟು ಈ ಬಿಸಿಲಲ್ಲಿ ಎರಡು ಸಲ ಇಳಿದು ಹತ್ತಿದ್ದಾರೆ. ಇಷ್ಟು ಮಾಡಿ, ತನ್ನ ಕಣ್ಣಿನ ಮಾತನ್ನೂ ಪುಟದೊಳಗೆ ಬಿಟ್ಟುಕೊಂಡಿಲ್ಲ. ಇಂಥವರು ಎಷ್ಟು ಊರುಗಳಲ್ಲಿ ಕೂತು ಎಷ್ಟು ಸಾಲುಗಳನ್ನು ಕಾಯುತ್ತಿದ್ದಾರೋ, ನಾವು ಓದಿ ಮುಂದೆ ಹೋಗುತ್ತೇವೆ.

ಚರ್ಚೆಯ ಜಾಗದಲ್ಲಿ ತಪ್ಪಾಯಿತೆಂದು ಬರೆದೆ. ಯಾರೆಂದು ಕೇಳಿದ್ದಕ್ಕೆ, ದೇವದುರ್ಗದ ಬಸ್‌ ನಿಲ್ದಾಣದ ಹತ್ತಿರ ತಮ್ಮ ಅಂಗಡಿಯೆಂದು ತಿಳಿಸಿದರು. ಶಾಲೆಯ ಕೆಲಸಕ್ಕೆ ಆ ಕಡೆ ಹೋದಾಗ ಹುಡುಕಿಕೊಂಡು ಹೋದೆ. ಅರವತ್ತರ ಹತ್ತಿರದವರು. ಹೊಲಿಗೆ ಯಂತ್ರದ ಪಕ್ಕದಲ್ಲೇ ಮೊಬೈಲು, ಅದರ ಪಕ್ಕದಲ್ಲಿ ಆ ನೀಲಿ ಸೀಮೆಸುಣ್ಣ. ಒಳಗಿದ್ದ ಹೆಂಡತಿಗೆ ದಖನಿ ಉರ್ದುವಿನಲ್ಲಿ ಚಹಾ ಹೇಳಿ, ನನಗೆ ಸ್ಟೂಲು ಎಳೆದರು. ನಿಜಾಮರ ಕಾಲದ ಒಂದು ಉರ್ದು ಪುಸ್ತಕ ರಾಯಚೂರಿನಲ್ಲಿ ಪರಿಚಯದವರ ಮನೆಯಲ್ಲಿದೆಯೆಂದೂ, ಅದರಲ್ಲಿ ನಮ್ಮೂರಿಗೆ ಕಲ್ಲಿನ ಮೆಟ್ಟಿಲ ಬಾವಿ, ಸಿಹಿ ನೀರು ಇದೆಯೆಂದಷ್ಟೇ ಇದೆಯೆಂದೂ ಹೇಳಿದರು. ಅದನ್ನು ನೋಡಲೆಂದೇ ಒಂದು ದಿನ ರಾಯಚೂರಿಗೆ ಹೋಗಿ ಬಂದಿದ್ದರು.

ಇಷ್ಟು ತ್ರಾಸು ಯಾಕೆ ತೆಗೆದುಕೊಂಡಿರಿ, ನಿಮ್ಮೂರೂ ಅಲ್ಲವಲ್ಲ ಎಂದು ಕೇಳಿದೆ. ಅವರು ಟೇಪು ಸುತ್ತಿ ಪಕ್ಕಕ್ಕಿಟ್ಟರು.

"ನಮ್ಮ ಮನ್ಯಾಗೂ ಒಂದು ಮಾತು ಅದರೀ, ಟೀಚರ್. ಆ ಬಾವಿ ಕಲ್ಲು ಕಡದವ್ರು ನಮ್ಮ ಮುತ್ಯಾನ ಅಪ್ಪ ಅಂತ ನಮ್ಮ ದಾದಿ, ಅಂದ್ರ ಅಪ್ಪನ ತಾಯಿ, ಹೇಳತಿದ್ಲು. ಯಾವ ಪುಸ್ತಕದಾಗೂ ಸಿಗಲಿಲ್ಲ. ಅದಕ್ಕ ನಾನು ಬರೀಲಿಲ್ಲ."

ಮೂರು ಸಲ ನನ್ನ ಮನೆಯ ಹೆಸರನ್ನು ತೆಗೆದ ಕೈ, ತನ್ನ ಮನೆಯ ಹೆಸರನ್ನು ಒಂದು ಸಲವೂ ಹಾಕಿರಲಿಲ್ಲ.

ಮನೆಗೆ ಬಂದು ನಾನೇ ಪುಟ ತಿದ್ದಿದೆ. ಊರಿನಲ್ಲಿ ಕಲ್ಲಿನ ಮೆಟ್ಟಿಲ ಬಾವಿಯಿದೆ, ನೀರು ಸಿಹಿ ಎಂದು ಬರೆದು ಆ ಉರ್ದು ಪುಸ್ತಕವನ್ನು ಆಧಾರವಾಗಿ ಕೊಟ್ಟೆ. ಬೇರೆ ಏನೂ ಬರೆಯಲಿಲ್ಲ. ಆಮೇಲೆ ಅಪ್ಪನ ಹತ್ತಿರ ಕೂತು ಸಂಚಿಕೆಯ ಕಥೆ, ನೀಲಿ ಅಂಕಿಗಳು, ಟೇಲರ್‌ ಅವರ ದಾದಿಯ ಮಾತು ಎಲ್ಲವನ್ನೂ ಹೇಳಿದೆ. ನಮ್ಮವ್ವ ಸುಳ್ಳು ಹೇಳಿದಳೇನು ಎಂದು ಅವರು ಕೇಳಿಯಾರೆಂಬ ಭಯ ನನಗೆ.

ಅಪ್ಪ ಕೊನೆಯವರೆಗೂ ಕೇಳಿದರು.

"ಅವರ ಹಿರೀಕ ಕಲ್ಲು ಕಡದಿದ್ರ, ನಮ್ಮ ಮುತ್ತಜ್ಜ ಅವಗ ರೊಟ್ಟಿ ಕೊಟ್ಟಿರಬೇಕು," ಎಂದರು.

ನಾನು ಕಾದೆ. ಇದನ್ನೂ ಬರಿ ಎಂದು ಅವರು ಹೇಳಲಿಲ್ಲ. ಮುಂದಿನ ವಾರ ಮನೆಗೆ ನೆಂಟರು ಬಂದಾಗ ಎಂದಿನಂತೆ ನನ್ನ ಮೊಬೈಲು ಇಸಿದುಕೊಂಡು ಆ ಪುಟ ತೆಗೆಸಿದರು. ನಮ್ಮ ಹೆಸರಿಲ್ಲದ ಆ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದಕ್ಕೆ ಆಧಾರ ಅದ ನೋಡ್ರಿ ಎಂದರು.