ಅಕ್ಕನ ಪರವಾಗಿ ನಾನು ಕೊಟ್ಟ ಉತ್ತರ

ನನ್ನ ಅಕ್ಕ ಸರೋಜಳ ಕುತ್ತಿಗೆ ನೋವನ್ನು ಎರಡು ವರ್ಷ ಡಾಕ್ಟರಿಗೆ ತಿಳಿಯದಂತೆ ಮುಚ್ಚಿಟ್ಟವನು ನಾನು. ಅವಳಲ್ಲ. ಅವಳು ಹೇಳಲು ಬಾಯಿ ತೆರೆದಿದ್ದಳು — ನಾನು ಮುಚ್ಚಿಸಿದೆ.

ಅಕ್ಕ ಭದ್ರಾವತಿಯಲ್ಲಿ ಬ್ಲೌಸ್ ಹೊಲಿಯುವವಳು. ಪಾರ್ಕಿನ್ಸನ್ ಬಂದು ಕೈ ನಡುಗತೊಡಗಿದ ಮೇಲೆ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿಬಿಟ್ಟಳು. ಮಾತ್ರೆ ಸಾಲದೆ ಹೋದಾಗ ಮೆದುಳಿನ ಆಪರೇಷನ್ ಮಾಡಿಸಲೇಬೇಕೆಂದು ಹಟ ಹಿಡಿದವನು ನಾನು. ಮನೆಯವರೆಲ್ಲ ಹೆದರಿದ್ದರು; ನಾನೇ ನಾಲ್ಕು ಕಡೆ ವಿಚಾರಿಸಿ, ಒಬ್ಬೊಬ್ಬರನ್ನೇ ಒಪ್ಪಿಸಿದೆ. ಮೆದುಳಿನೊಳಗೆ ಇಳಿಸಿದ ತಂತಿ ಕಿವಿಯ ಹಿಂದಿನಿಂದ, ಚರ್ಮದಡಿಯಲ್ಲೇ ಕುತ್ತಿಗೆಗಿಳಿದು, ಎದೆಯ ಮೇಲ್ಭಾಗದಲ್ಲಿ ಕೂರಿಸಿದ ಬ್ಯಾಟರಿಗೆ ಸೇರುತ್ತದೆ. ನಡುಕ ನಿಂತಿತು. ಅಕ್ಕ ಸೂಜಿಗೆ ದಾರ ಪೋಣಿಸಿದ ದಿನ ನಾನು ಅರ್ಧ ಶಿವಮೊಗ್ಗಕ್ಕೆ ಫೋನ್ ಮಾಡಿದೆ.

ಮೊದಲ ತಪಾಸಣೆಯಲ್ಲಿ ಡಾಕ್ಟರು, "ಹೇಗಿದೀರಮ್ಮ?" ಎಂದರು.

"ಕೈ ಚೆನ್ನಾಗಿದೆ ಸರ್. ಆದ್ರೆ ಈ ಕುತ್ತಿಗೆ ಹತ್ರ—"

"ಏನೂ ತೊಂದ್ರೆ ಇಲ್ಲ ಸರ್," ಎಂದುಬಿಟ್ಟೆ ನಾನು. "ಫಸ್ಟ್ ಕ್ಲಾಸ್ ಆಗಿದಾಳೆ."

ನಾನು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಬ್ರೋಕರ್. ಗಿರಾಕಿಯ ಎದುರು ಗಾಡಿಯ ಮಾಲೀಕ ಬಾಯಿ ಬಿಡಬಾರದು, ಬ್ರೋಕರೇ ಮಾತಾಡಬೇಕು — ನಮ್ಮಲ್ಲಿ ಅದೇ ಪದ್ಧತಿ. ಮಾಲೀಕನನ್ನು ಬಿಟ್ಟರೆ "ಗೇರು ಸ್ವಲ್ಪ ಗಟ್ಟಿ" ಎಂದು ನಿಜ ಹೇಳಿ ವ್ಯಾಪಾರ ಕೆಡಿಸುತ್ತಾನೆ. ಆ ಪದ್ಧತಿಯನ್ನೇ ಡಾಕ್ಟರ ಕೋಣೆಗೂ ಹೊತ್ತುಕೊಂಡು ಹೋದೆ. ಅಲ್ಲಿ ಯಾರೂ ಏನನ್ನೂ ಕೊಳ್ಳಲು ಕೂತಿರಲಿಲ್ಲ...

ಹೊರಗೆ ಬಂದ ಮೇಲೆ ಅಕ್ಕ, "ಯಾಕೋ ಹಂಗಂದೆ? ಒಳಗಿಂದ ಯಾರೋ ಹಗ್ಗ ಹಿಡಿದು ಜಗ್ಗಿದಂಗೆ ಆಗುತ್ತೆ ಕಣೋ," ಎಂದಳು.

"ಸುಮ್ನಿರು ಮಾರಾಯ್ತಿ. ಹೇಳಿದ್ರೆ ಮತ್ತೆ ಕೊಯ್ತಾರೆ. ಬೇಕಾ?"

ಡಾಕ್ಟರು ಹಾಗೆಂದಿರಲಿಲ್ಲ. ನಾನೇ ಹುಟ್ಟಿಸಿದ ಮಾತು. ನಾನು ಮುಂದೆ ನಿಂತು ಮಾಡಿಸಿದ್ದರಲ್ಲಿ ಕೊರತೆಯಿದೆ ಎಂದು ಯಾರೂ ಅನ್ನಬಾರದು — ನನ್ನ ಭಯ ಅಷ್ಟೇ.

ಅವಳು ಮತ್ತೆ ಹೇಳಲಿಲ್ಲ. ತನ್ನ ಬ್ಲೌಸುಗಳ ಕೊರಳು ಬಿಚ್ಚಿ ಅಗಲ ಮಾಡಿಕೊಂಡಳು. ಬ್ಯಾಟರಿಯ ಉಬ್ಬಿಗೆ ಅಂಚು ಉಜ್ಜದಂತೆ ಹಳೆಯ ಕಾಟನ್ ಸೀರೆಯ ತುಂಡನ್ನು ಒಳಗೆ ಮಡಚಿ ಹೊಲಿದಳು. ಒಂದೇ ಮಗ್ಗುಲಲ್ಲಿ ಮಲಗುವುದನ್ನು ಕಲಿತಳು. ಕರೆದರೆ ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ನನಗೆ ಕಾಣುತ್ತಿರಲಿಲ್ಲವೆ? ಕಾಣುತ್ತಿತ್ತು.

ಆಪರೇಷನ್ ಬಗ್ಗೆ ವಿಚಾರಿಸಿದವರಿಗೆಲ್ಲ ಬುದ್ಧಿ ಹೇಳಿ, ಅಕ್ಕನ ಮನೆಗೆ ಕರೆದೊಯ್ದು ತೋರಿಸುವುದು ನನ್ನ ಚಾಳಿಯಾಯಿತು. ಒಮ್ಮೆ ಹೊಳಲೂರಿನಿಂದ ಗಂಡಹೆಂಡತಿ ಬಂದರು. ಕೈ ನಡುಗುತ್ತಿದ್ದುದು ಗಂಡನಿಗೆ. ಅಕ್ಕ ಸೂಜಿ ಪೋಣಿಸಿ ತೋರಿಸಿದಳು. ಹೆಂಡತಿಯ ಕಣ್ಣು ಸೂಜಿಯ ಮೇಲಿರಲಿಲ್ಲ.

"ಕತ್ತು ಯಾಕಮ್ಮ ತಿರುಗಿಸಲ್ಲ ನೀವು?"

"ಟೈಲರ್ ಅಲ್ವೇನ್ರೀ, ಬಗ್ಗಿ ಬಗ್ಗಿ ಹಿಡ್ಕೊಂಡಿದೆ," ಎಂದೆ.

"ನಿಮ್ಮನ್ನ ಕೇಳಲಿಲ್ಲ ಯಜಮಾನ್ರೇ. ಕತ್ತು ನಿಮ್ದಾ?"

ಅಕ್ಕ ಇಡೀ ಮೈ ತಿರುಗಿಸಿ ನನ್ನನ್ನು ನೋಡಿದಳು. ಆಮೇಲೆ, "ಹೌದಮ್ಮ, ಹೊಲಿಗೆಯಿಂದ್ಲೇ," ಎಂದಳು. ನನ್ನ ಸುಳ್ಳನ್ನು ಅವಳ ಬಾಯಿಂದ ಕೇಳಿದೆ — ಕೇಳಿಯೂ ಸುಮ್ಮನೆ ಕಾಫಿ ಕುಡಿದೆ.

ಹೊಳಲೂರಿನ ಆ ಹೆಂಗಸು ನಂಬಲಿಲ್ಲ. ಗಂಡನನ್ನು ಅದೇ ಡಾಕ್ಟರಿಗೆ ತೋರಿಸಲು ಹೋದಾಗ ಅಕ್ಕನ ವಿಷಯವನ್ನೂ ಹೇಳಿದಳಂತೆ. ಆಸ್ಪತ್ರೆಯಿಂದ ಕರೆ ಬಂತು, ಅಕ್ಕನನ್ನು ಕರೆದುಕೊಂಡು ಹೋದೆ. ಡಾಕ್ಟರು ಕುತ್ತಿಗೆಯ ಮೇಲೆ ಬೆರಳಾಡಿಸಿ ಹೇಳಿದರು: "ತಂತಿ ಸುತ್ತ ಒಳಗಿನ ಮಾಂಸ ಗಟ್ಟಿಯಾಗಿ ಬಿಗಿದುಕೊಂಡಿದೆ. ಆಗಲೇ ಗೊತ್ತಾಗಿದ್ರೆ ವ್ಯಾಯಾಮದಲ್ಲೇ ಎಷ್ಟೋ ಸಡಿಲ ಆಗ್ತಿತ್ತೇನೋ. ಈಗ ಪ್ರಯತ್ನ ಮಾಡೋಣ, ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲಾರೆ. ಯಾಕಮ್ಮ ಹೇಳಲಿಲ್ಲ?"

"ನಂಗೇ ತಿಳೀಲಿಲ್ಲ ಸರ್."

ಆಗಲಾದರೂ ನಾನು ಹೇಳಬೇಕಿತ್ತು. ಕೇಳದಿದ್ದಾಗಲೆಲ್ಲ ಉತ್ತರ ಕೊಟ್ಟವನು — ಅವತ್ತು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ, ಎಳೆತ, ಉರಿ, ಊತ ಏನಿದ್ದರೂ ಅವರೇ ಡಾಕ್ಟರಿಗೆ ಹೇಳಲಿ, ನಡುವೆ ನೀವು — ನೋಡಿ, ಮತ್ತೆ ಉಪದೇಶಕ್ಕೆ ಇಳಿದೆ. ಅದಕ್ಕೆ ನನಗೆ ಯಾವ ಯೋಗ್ಯತೆ?

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಅಕ್ಕನಿಗೆ ಓದಿ ಹೇಳಿದೆ. ಬ್ಲೌಸಿಗೆ ಕಾಜಾ ಹಾಕುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನೋವು ಹೆಂಗೋ ತಡ್ಕೊಂಡೆ ಕಣೋ," ಎಂದಳು. "ಡಾಕ್ಟ್ರ ಎದುರು ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ನಾನು ಇದೀನಿ ಅನ್ನೋದೇ ನಿಂಗೆ ಗೊತ್ತಿರ್ಲಿಲ್ಲ."

ಚೌಕಾಸಿಯಲ್ಲಿ ನನಗೆ ಮಾತಿಗೆ ಬರವಿಲ್ಲ. ಅವಳ ಆ ಮಾತನ್ನು ಮಾತ್ರ ಒಂದಕ್ಷರ ಬದಲಿಸದೆ ಬರೆದುಕೊಂಡೆ.

ಸೋಮವಾರ ತಪಾಸಣೆ ಇದೆ. ಮೊದಲು ನಾನು ಒಳಗೆ ಹೋಗಿ, ಬಾಯಿ ಮುಚ್ಚಿಸಿದವನು ನಾನೇ ಎಂದು ಡಾಕ್ಟರಿಗೆ ಹೇಳುತ್ತೇನೆ. ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ. ಒಳಗೆ ಅಕ್ಕ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಾತಾಡಲಿ.