ಕುಡುಕ ಅಂತಲೇ ಬರ್ಕಳಿ

ಸುಳ್ಳು ಹೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ನಮ್ಮ ದೊಡ್ಡಪ್ಪನ ಹಾಗೆ ಕಾಫಿ ಲೋಟ ಕೈಯಲ್ಲಿ ಹಿಡಿದು, ಒಂದು ತೊಟ್ಟೂ ಚೆಲ್ಲದೆ ಸುಳ್ಳು ಹೇಳುವವರನ್ನು ಇನ್ನೊಬ್ಬರನ್ನು ಕಾಣೆ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತಿದೆ.

ನಾಗಮಂಗಲದಲ್ಲಿ ನಮ್ಮದು ಚಿನ್ನದ ಕೆಲಸದ ಮನೆ. ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪನೇ ಯಜಮಾನ. ಹರಳು ಕೂರಿಸುವುದರಲ್ಲಿ ನನ್ನ ತಮ್ಮನನ್ನು ಮೀರಿಸುವವರಿರಲಿಲ್ಲ. ಇಪ್ಪತ್ನಾಲ್ಕರ ವಯಸ್ಸಿಗೆ ಅವನಿಗೆ ದನಿಗಳು ಕೇಳಲು ಶುರುವಾದವು. ಆಮೇಲೆ ಕುಡಿತ. ಯಾಕೋ ಕುಡಿಯುತ್ತೀಯಾ ಎಂದರೆ, "ಕುಡುದ್ರೆ ಅವ್ರು ಒಸಿ ಸುಮ್ಕಾಯ್ತಾರೆ ಕಣಕ್ಕ" ಎನ್ನುತ್ತಿದ್ದ. ನಾನು ಬೂಕನಕೆರೆಯಿಂದ, ಗಂಡನ ಮನೆಯಿಂದ, ಬಸ್ಸು ಹತ್ತಿ ಬಂದು ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸ್ಕಿಜೋಫ್ರೇನಿಯಾ ಎಂದರು, ಮಾತ್ರೆ ಕೊಟ್ಟರು. ಮೂರು ತಿಂಗಳಿಗೆ ತಮ್ಮ ಮತ್ತೆ ಕೆಲಸಕ್ಕೆ ಕೂತ. ಕುಡಿತ ತಾನಾಗಿಯೇ ಕಡಿಮೆಯಾಯಿತು.

ಆಗಲೇ ಸಂಶೋಧನೆಯ ಡಾಕ್ಟ್ರಮ್ಮ ಒಬ್ಬರು ಬಂದರು. ಈ ಕಾಯಿಲೆಯೂ ಕುಡಿತದ ಚಟವೂ ಒಂದೇ ಮನೆತನದಲ್ಲಿ ಯಾಕೆ ಹರಿದುಬರುತ್ತವೆ ಎಂದು ರಕ್ತ ತೆಗೆದುಕೊಂಡು ನೋಡುತ್ತಾರಂತೆ. ಕುಡಿಯುವವರಿರುವ ಮನೆ ಎಂದು ಆಶಾ ಕಾರ್ಯಕರ್ತೆ ನಮ್ಮ ಬಾಗಿಲು ತೋರಿಸಿದ್ದಳು. ಡಾಕ್ಟ್ರಮ್ಮ ತಕ್ಕಡಿಯ ಪಕ್ಕದಲ್ಲಿದ್ದ ಗುಲಗಂಜಿ ಕಾಳುಗಳನ್ನು ಕೈಗೆತ್ತಿಕೊಂಡು, "ಒಂದೇ ಒಂದು ಜೀನ್ ಕೆಟ್ಟು ಬರೋ ಕಾಯಿಲೆ ಅಲ್ಲ ಇದು. ನೂರಾರಿವೆ, ಒಂದೊಂದೂ ಇಷ್ಟಿಷ್ಟೇ ತೂಕ" ಎಂದರು. ದೊಡ್ಡ ಹಾಳೆ ಹರಡಿ ನಮ್ಮ ವಂಶ ಬರೆದುಕೊಂಡರು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಕಾಯಿಲೆ ಇದ್ದವರಿಗೆ ಕಪ್ಪು ತುಂಬುವುದು, ಕುಡಿತವಿದ್ದವರಿಗೆ ಬರೀ ಗೆರೆ ಎಳೆಯುವುದು.

ತಮ್ಮನ ಚೌಕ ಬಂದಾಗ ದೊಡ್ಡಪ್ಪ, "ನಮ್ಮನೇಲಿ ಅಂತಾ ಕಾಯ್ಲೆ ಯಾರ್ಗೂ ಇಲ್ಲ ಕಣವ್ವ. ಇವ್ನು ಕುಡುಕ. ಕುಡುಕ ಅಂತಲೇ ಬರ್ಕಳಿ" ಎಂದ. ನಮ್ಮವ್ವನ ಸೊನ್ನೆಗೆ ಏನು ಬರೆಸಿದ? "ಸಕ್ರೆ ಕಾಯ್ಲೆ." ಅಬ್ಬಾ! ನಮ್ಮವ್ವ ಹಿತ್ತಲ ಕೋಣೆಯಲ್ಲಿ ಹನ್ನೊಂದು ವರ್ಷ ಗೋಡೆಯ ಜೊತೆ ಜಗಳವಾಡಿ ಸತ್ತವಳು. ಊಟದ ತಟ್ಟೆಯನ್ನು ಬಾಗಿಲ ಕೆಳಗಿಂದ ತಳ್ಳುತ್ತಿದ್ದವಳು ನಾನು.

ಅಡುಗೆಮನೆಗೆ ಬಂದ ದೊಡ್ಡಪ್ಪನನ್ನು ತಡೆದು, ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ. "ಬಾಯ್ ಮುಚ್ಕಂಡಿರು. ಮೊಮ್ಮಗಳ್ಗೆ ಪಾಂಡವಪುರದಲ್ಲಿ ಸಂಬಂದ ನೋಡಿವ್ನಿ. ಕುಡುಕ ಅಂದ್ರೆ ನಗ್ತಾರೆ, ಉಚ್ಚ ಅಂದ್ರೆ ಎದ್ದೋಯ್ತಾರೆ. ಅಡ್ಕೆಗೋದ ಮಾನ ಆನೆ ಕೊಟ್ರೂ ಬರಾಕಿಲ್ಲ" ಎಂದ. ಡಾಕ್ಟರ ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು. ತೆಗೆದು ತೋರಿಸಲಿಲ್ಲ. ನನಗೂ ಮದುವೆಗೆ ಬಂದ ಮಗಳಿದ್ದಾಳೆ. ಥೂ ನನ್ನ ಜನ್ಮಕ್ಕೆ! ತಮ್ಮ ರಕ್ತ ಕೊಟ್ಟ, ಡಾಕ್ಟ್ರಮ್ಮ ಅವನ ಚೌಕಕ್ಕೆ ಗೆರೆ ಎಳೆದುಕೊಂಡು ಹೋದರು.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಗಂಡಿನ ಕಡೆಯವರಿಗೂ ತಮ್ಮ ಕುಡುಕ ಎಂದೇ ಹೇಳಿ ಆಗಿತ್ತು, ಅವರು ಕುಡಿತ ಬಿಡಿಸಲಿಲ್ಲವೇ ಎಂದು ಕೇಳಿದರು. ದೊಡ್ಡಪ್ಪ ಮುಂದಿನ ವಾರವೇ ತಮ್ಮನನ್ನು ಕುಡಿತ ಬಿಡಿಸುವ ಶಿಬಿರಕ್ಕೆ ಸೇರಿಸಿದ. ಬೇರೆ ಕಾಯಿಲೆ ಇಲ್ಲ, ಯಾವ ಮಾತ್ರೆಯೂ ಇಲ್ಲ ಎಂದು ಅಲ್ಲಿ ಬರೆಸಿದ. ಶಿಬಿರದವರನ್ನು ದೂರಲಾರೆ, ಅವರಿಗೆ ಹೇಳಿದವರು ಯಾರು? ದೊಡ್ಡಪ್ಪನೇ ತಮ್ಮನ ಚೀಲದಲ್ಲಿದ್ದ ಮಾತ್ರೆ ತೆಗೆದು, "ಒಂದ್ ನಶೆ ಬುಡ್ಸಕ್ಕೋಯ್ತಾ ಇನ್ನೊಂದ್ ನಶೆ ಯಾಕ್ಲಾ?" ಎಂದನಂತೆ. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಶಿಬಿರದ ಕೊನೆಯ ದಿನ ತಮ್ಮನಿಗೆ ಹಾರ ಹಾಕಿ ಫೋಟೊ ತೆಗೆದರು. ದೊಡ್ಡಪ್ಪ ಅದನ್ನು ಪಾಂಡವಪುರಕ್ಕೆ ವಾಟ್ಸಾಪ್ ಮಾಡಿದ. ತಮ್ಮ ನಿಜವಾಗಿಯೂ ಕುಡಿತ ಬಿಟ್ಟಿದ್ದ. ಮಾತ್ರೆಯೂ ಇರಲಿಲ್ಲ. ಆ ದನಿಗಳನ್ನು ತಡೆಯುವುದಕ್ಕೆ ಈಗ ಅವನ ಹತ್ತಿರ ಏನೂ ಉಳಿದಿರಲಿಲ್ಲ.

ಮನೆಗೆ ಬಂದ ಐದನೆಯ ದಿನ ಬೆಳಿಗ್ಗೆ, ಚಿನ್ನದ ಟೊಳ್ಳು ಗುಂಡುಗಳಿಗೆ ತುಂಬಲು ಕಾಯಿಸಿಟ್ಟಿದ್ದ ಅರಗನ್ನು ಅವನು ತನ್ನ ಬಲಗಿವಿಗೆ ಸುರಿದುಕೊಂಡ. ಕುದಿಯುವ ಅರಗು. ನಾನು ಆಸ್ಪತ್ರೆಗೆ ಓಡಿದೆ. ಮುಖವೆಲ್ಲ ಪಟ್ಟಿ ಸುತ್ತಿದ್ದರು. ಯಾಕಪ್ಪಾ ಹೀಗೆ ಮಾಡಿಕೊಂಡೆ ಎಂದೆ. "ಬಾಗ್ಲು ಆಕ್ದೆ ಕಣಕ್ಕ" ಎಂದ. ದೊಡ್ಡಪ್ಪ ವರಾಂಡದಲ್ಲಿ ನಿಂತು, ಕೆಲಸ ಮಾಡುವಾಗ ಕೈ ಜಾರಿತು ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ಆಗಲೂ!

ದೊಡ್ಡಪ್ಪನ ಮೊಮ್ಮಗಳ ಮದುವೆ ಆಯಿತು. ಮತ್ತೆ ಮಾತ್ರೆ ಶುರುವಾಯಿತು, ಅದಕ್ಕೆ ಈಗ ನಾನೇ ಕಾವಲು. ಈ ವರ್ಷ ಡಾಕ್ಟ್ರಮ್ಮ ಎರಡನೆಯ ಸಲ ರಕ್ತಕ್ಕೆ ಬಂದರು. ಅವರು ಹಾಳೆ ಬಿಡಿಸುವ ಮುಂಚೆಯೇ ನಾನು ಅವ್ವನ ಕತೆ, ತಮ್ಮನ ಕತೆ ಎಲ್ಲ ಹೇಳಿಬಿಟ್ಟೆ, ಚೀಟಿ ಕೈಗೆ ಕೊಟ್ಟೆ. "ಲೇ, ಮನೆ ಆಳ್ ಮಾಡ್ತೀಯೇನೇ?" ಎಂದು ದೊಡ್ಡಪ್ಪ ಕೂಗಾಡಿದ. ಹಾಳು ಮಾಡೋದಕ್ಕೆ ನೀನೇನು ಉಳಿಸಿದ್ದೀಯ ಎಂದೆ. ಡಾಕ್ಟ್ರಮ್ಮ ಎರಡು ಗುರುತಿಗೂ ಕಪ್ಪು ತುಂಬಿದರು. ಇದರಿಂದ ಹೊಸ ಔಷಧಿ ಬರಲು ಬಹಳ ವರ್ಷ ಬೇಕು, ನಿಮ್ಮ ತಮ್ಮನಿಗೆ ಸಿಗದೇ ಹೋಗಬಹುದು ಎಂದು ಮೆಲ್ಲಗೆ ಹೇಳಿದರು. ಹೊಸದು ಯಾಕಮ್ಮ, ಇದ್ದದ್ದನ್ನೇ ನಾವು ಕಿತ್ತುಕೊಂಡೆವಲ್ಲ ಎಂದೆ.

ಆಮೇಲೆ ರಕ್ತ ತೆಗೆಯಲು ಒಪ್ಪಿಗೆ ಇದೆಯೇ ಎಂದು ತಮ್ಮನನ್ನೇ ಕೇಳಿದರು. ಅವನು ಎಡಗಿವಿ ಅವರ ಕಡೆ ತಿರುಗಿಸಿ ಇನ್ನೊಂದು ಸಲ ಕೇಳಿಸಿಕೊಂಡ. ತೋಳು ಮುಂದೆ ಚಾಚಿದವನು, ಸೂಜಿ ನೋಡಿ ಅರ್ಧಕ್ಕೆ ನಿಲ್ಲಿಸಿದ.

"ಓದ್ಸಲ ರಕ್ತ ಕೊಟ್ಟ್‌ಮ್ಯಾಕೆ ಮಾತ್ರೆ ನಿಂತೋದೋ ಡಾಕ್ಟ್ರಮ್ಮ. ಈ ಸಲಾನೂ ನಿಲ್ಲಿಸ್ಬುಡ್ತೀರಾ?"